ಎರಡು, ನಾಲ್ಕು ಆದಮೇಲೆ ಎಷ್ಟು?

ಹುಳ ಎಣಿಸುವ ಕೆಲಸ ನೀವು ಎಂದಾದರೂ ಮಾಡಿದ್ದೀರಾ? ತೊಗರಿ ಗಿಡದ ಬುಡಕ್ಕೆ ಹಳೆಯ ಸೀರೆ ಹಾಸಿ, ಗಿಡ ಹಿಡಿದು ಅಲುಗಿಸಬೇಕು. ಕಾಯಿ ಕೊರೆಯುವ ಹುಳಗಳು ಪಟಪಟ ಉದುರುತ್ತವೆ. ಮಣ್ಣೂರಿನ ನನ್ನ ಅಕ್ಕ ಮೂರು ದಿನಕ್ಕೊಮ್ಮೆ ಹೀಗೆ ನಾಲ್ಕಾರು ಗಿಡ ಅಲುಗಿಸಿ ನೋಡುತ್ತಾಳೆ. ಹುಳ ಏರುತ್ತಿದ್ದರೆ ಓಣಿಯ ಹೆಂಗಸರನ್ನೆಲ್ಲ ಕರೆದು ಇಡೀ ಹೊಲವನ್ನೇ ಝಾಡಿಸಿ, ಉದುರಿದ ಹುಳ ಕೊಲ್ಲಬೇಕು.

ಹೋದ ತಿಂಗಳು ಒಂದು ಬುಧವಾರ ಅವಳ ಫೋನು.

"ತಮ್ಮಾ, ಐತವಾರ ಗಿಡಕ್ಕ ಎರಡ ಬಿದ್ದಿದ್ವು. ಇವತ್ತ ನಾಕು. ಶುಕ್ರವಾರ ಬಸುರಿ ಮಗಳ ಕುಬಸ ಅದ. ಅದು ಮುಗಿಸಿ ಝಾಡಿಸಿದ್ರ ನಡೀತದೇನು? ನೀ ಲೆಕ್ಕದ ಮಾಸ್ತರ, ಹೇಳು."

ಹೌದು, ನಾನು ಜೇವರ್ಗಿಯಲ್ಲಿ ಟೆನ್ತ್ ಮಕ್ಕಳಿಗೆ ಗಣಿತ ಹೇಳುವವನು. (ಅಕ್ಕ ಕೇಳಿದರೆ ಎದೆ ಉಬ್ಬುತ್ತದೆ, ಸುಳ್ಳೇಕೆ?)

"ಎರಡ ಕೂಡ್ಯಾವ. ಶನಿವಾರಕ್ಕ ಆರಾಗ್ತಾವ. ಆರಕ್ಕ ಯಾಕ ಅಂಜತಿ? ಕುಬಸ ಮಾಡು, ನಾನೂ ಬರ್ತೇನಿ."

ಅಕ್ಕನ ಪಕ್ಕದಲ್ಲಿದ್ದ ನೆರೆಮನೆಯ ರಜಿಯಾಬಿ ಫೋನಿಗೆ ಬಾಯಿ ಹಾಕಿದಳು: "ಮಾಸ್ತರ್ರೇ, ಹುಳಾ ನಿಮ್ಮ ಸಾಲಿಗಿ ಬಂದು ಲೆಕ್ಕ ಕಲ್ತಾವೇನ್ರಿ? ನಾಳೀನ ಝಾಡಿಸ್ರಿ ಅಂತ ಹೇಳ್ರಿ!"

ಎಲ್ಲರೂ ನಕ್ಕೆವು.

ಕುಬಸ ಚೆನ್ನಾಗಿಯೇ ಆಯಿತು. ಹಸಿರು ಸೀರೆ, ಹಸಿರು ಬಳೆ, ನಾನು ಎರಡೆರಡು ಬಾರಿ ಬಡಿಸಿಕೊಂಡ ಹುಗ್ಗಿ. ಶನಿವಾರ ಬೆಳಗ್ಗೆ ಅಕ್ಕನ ಜೊತೆ ಹೊಲಕ್ಕೆ ಹೋದೆ. ಸೀರೆ ಹಾಸಿದಳು. ಅಲುಗಿಸಿದಳು.

ಎಂಟು.

ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಸಮಾಂತರ ಶ್ರೇಢಿಯಲ್ಲ, ಗುಣೋತ್ತರ. ಅಂದೇ ಹೆಂಗಸರು ಬಂದರು, ರಜಿಯಾಬಿ ಮುಂದೆ. ಹೊಲದ ಆ ತುದಿ ಮುಟ್ಟುವಷ್ಟರಲ್ಲಿ ಮಂಗಳವಾರ. ಅಲ್ಲಿ ಗಿಡಕ್ಕೆ ಹದಿನಾರು. ಅದೂ ಸೀರೆಯ ಮೇಲೆ ಬಿದ್ದವು ಮಾತ್ರ. ಕಾಯಿಯೊಳಗೆ ಹೊಕ್ಕು ಕೂತವು ಎಷ್ಟು ಅಲುಗಿಸಿದರೂ ಬೀಳುತ್ತವೆಯೇ?

ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ: 2, 4. ಮುಂದಿನದು? ಅರ್ಧ ಕ್ಲಾಸ್ ಆರು ಎನ್ನುತ್ತದೆ, ಅರ್ಧ ಎಂಟು. "ಎರಡೇ ಸಂಖ್ಯೆ ನೋಡಿ ಯಾವ ಶ್ರೇಢಿ ಅಂತ ಹೇಳಾಕ ಬರಂಗಿಲ್ಲ. ಮೂರನೇದು ಬರೂತನಕ ಬಾಯಿ ಮುಚ್ಚಿರ್ರಿ" ಎಂದು ಗದರಿಸುತ್ತೇನೆ. ನನ್ನ ಬಾಯಿ ಮುಚ್ಚಿತ್ತೇ? ಆರು ನನಗೆ ಬೇಕಾಗಿತ್ತು, ಅದಕ್ಕೇ ಆರು ಎಂದೆ. ನಾವೆಲ್ಲ ಹೀಗೇ ಅಲ್ಲವೇ? ಕೆಮ್ಮಾಗಲಿ, ಗೋಡೆಯ ಬಿರುಕಾಗಲಿ, ಕೆಟ್ಟದ್ದು ಮೆಲ್ಲಗೆ ಕೂಡಿಕೊಂಡೇ ಬರುತ್ತದೆ ಎಂದು ನಂಬಿ ಊಟಕ್ಕೆ ಕೂರುತ್ತೇವೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತೂತು ಬಿದ್ದ ಕಾಯಿಯೊಂದನ್ನು ಸುಲಿದಳು. ಒಳಗೆ ಕಾಳಿಲ್ಲ, ಬರೀ ಹುಳದ ಹಿಕ್ಕೆ. ಇನ್ನೊಂದು ಸುಲಿದಳು. ಅದೂ ಅಷ್ಟೇ.

"ಹೋಗ್ಲಿ ಬಿಡು ತಮ್ಮಾ. ನೀ ಹೇಳಿದಿ ಅಂತ ಸುಮ್ಮ ಕುಂತೆ" ಅಂದಳು.

ಯಾವ ಶ್ರೇಢಿ ಎಂದು ಈಗ ಎದೆ ತಟ್ಟಿ ಹೇಳಬಲ್ಲೆ. ಹೇಳಿ ಯಾವ ಹುಳವನ್ನು ಉದುರಿಸಲಿ?