ಪೇಟೆಯಲ್ಲಿ ಮಾತ್ರ ಮಾತಾಡುವ ಫೋನು

ಗಂಟಲಿನ ಆಪರೇಷನ್ ಆದ ಮೇಲೆ ದೊಡ್ಡಮ್ಮನ ಸ್ವರ ಹೋಯಿತು. ಅಂದಿನಿಂದ ಅವರ ಪರವಾಗಿ ದೊಡ್ಡಪ್ಪನೇ ಮಾತಾಡತೊಡಗಿದರು. ವಿಚಾರಿಸಲು ಬಂದವರಿಗೆಲ್ಲ "ಅವಳಿಗೆ ಆರಾಮ ಉಂಟು, ಎಂತ ತೊಂದರೆ ಇಲ್ಲ" ಎನ್ನುತ್ತಿದ್ದರು. ಪಕ್ಕದಲ್ಲಿ ನಿಂತ ದೊಡ್ಡಮ್ಮ ಅಲ್ಲವೆಂದು ತಲೆಯಾಡಿಸುತ್ತಿದ್ದರು. ಅದನ್ನು ಯಾರೂ ನೋಡುತ್ತಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಪುತ್ತೂರಿನಲ್ಲಿ ಕೂತು ಊರವರ ಆ್ಯಪ್‌ಗಳನ್ನು ಸರಿಮಾಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ದೊಡ್ಡಮ್ಮನಿಗೂ ಒಂದು ಮಾಡಿಕೊಟ್ಟೆ. ಕನ್ನಡದಲ್ಲಿ ಟೈಪ್ ಮಾಡಿ ಒತ್ತಿದರೆ ಫೋನು ಗಟ್ಟಿಯಾಗಿ ಓದುತ್ತದೆ.

ಪುತ್ತೂರಿನಲ್ಲಿ ಓದಿತು. ಈಶ್ವರಮಂಗಲದ ಅವರ ಮನೆಗೆ ಹೋದ ಮೇಲೆ ಓದಲಿಲ್ಲ. "ತೆರೆದ ಕೂಡಲೇ ಮುಚ್ಚಿಕೊಳ್ತದೆ" ಎಂದು ದೊಡ್ಡಮ್ಮ ಮೆಸೇಜ್ ಕಳಿಸಿದರು. ಮತ್ತೆ ಪುತ್ತೂರಿಗೆ ತಂದು ತೋರಿಸಿದರು, ಸೊಗಸಾಗಿ ಓದಿತು. ಮನೆ ಮುಟ್ಟಿದ್ದೇ ಮುಚ್ಚಿಕೊಂಡಿತು.

"ಎಂತ ಮಾರಾಯ್ತಿ, ನಿನ್ನ ಆ್ಯಪ್‌ಗೆ ಪುತ್ತೂರಿನ ಗಾಳಿಯೇ ಆಗಬೇಕಾ?" ಎಂದು ದೊಡ್ಡಪ್ಪ ಫೋನಿನಲ್ಲಿ ಕೇಳಿದರು.

ನಾನು ನೆಟ್‌ವರ್ಕನ್ನು ದೂರಿದೆ. ಆ ಆ್ಯಪ್‌ಗೆ ನೆಟ್‌ವರ್ಕೇ ಬೇಕಾಗಿರಲಿಲ್ಲ. ಆಮೇಲೆ, ಏನೋ ಒತ್ತಿಬಿಟ್ಟಿರಬೇಕೆಂದು ದೊಡ್ಡಪ್ಪನ ಬೆರಳಿನ ಮೇಲೆ ಅನುಮಾನ ಪಟ್ಟೆ. ಕೊನೆಗೆ ಲ್ಯಾಪ್‌ಟಾಪು, ಕೇಬಲ್ಲು ಹಿಡಿದು ಬಸ್ಸು ಹತ್ತಿದೆ.

ದೊಡ್ಡಮ್ಮ ಕಿಟಕಿಯ ದಂಡೆಯಿಂದ ರಬ್ಬರ್ ಬ್ಯಾಂಡ್ ಸುತ್ತಿದ ಫೋನೊಂದನ್ನು ತಂದುಕೊಟ್ಟರು. ಅದನ್ನು ನಾನು ಕಂಡೇ ಇರಲಿಲ್ಲ.

"ಪುತ್ತೂರಿಗೆ ತಂದದ್ದು ಎಲ್ಲಿ?"

"ಅದು ಹೊಸತಲ್ವಾ? ಕಪಾಟಿನಲ್ಲಿ ಉಂಟು," ಎಂದರು ದೊಡ್ಡಪ್ಪ. "ಪೇಟೆಗೆ ಹೋಗುವಾಗ ಹಿಡಿಯುದು. ಮನೆಗೆ ಇದು ಸಾಕು. ಆ್ಯಪ್ ಎರಡಕ್ಕೂ ಹಾಕಿದ್ದೇವೆ."

ನಮ್ಮ ಮನೆಯಲ್ಲೂ ಒಳ್ಳೆಯ ಕೊಡೆ ಮದುವೆಗಳಿಗೆ ಮಾತ್ರ ಹೊರಡುತ್ತದೆ, ಮಳೆಗೆ ಹಳೆಯದು.

ಕೇಬಲ್ ಸಿಕ್ಕಿಸಿದಾಗ ಎರರ್ ಬಂತು: ಸ್ವರದ ಲೈಬ್ರರಿ ಸಿಗುತ್ತಿಲ್ಲ. ಓದುವ ಕೆಲಸ ಮಾಡುವುದು ಆ್ಯಪ್‌ನೊಳಗೆ ಇಟ್ಟ ಒಂದು ಸಿದ್ಧ ಕೋಡಿನ ಕಟ್ಟು, ಅದೇ ಲೈಬ್ರರಿ. ತೆರೆಯುವಾಗ ಆ್ಯಪ್‌ಗೂ ಅದಕ್ಕೂ ಜೋಡಣೆಯಾಗಬೇಕು. ಹೊಸ ಫೋನುಗಳಿಗೆ ಅದರ ೬೪ ಬಿಟ್ ಪ್ರತಿ, ಹಳೆಯವಕ್ಕೆ ೩೨ ಬಿಟ್ ಪ್ರತಿ. ಆ ಮನೆಯಲ್ಲಿ ಸಿಗ್ನಲ್ ಕಡಿಮೆ, ಡೌನ್‌ಲೋಡ್ ಹಗುರವಾಗಲಿ ಎಂದು ೩೨ ಬಿಟ್ ಪ್ರತಿಯನ್ನು ನಾನೇ ಕಿತ್ತುಹಾಕಿದ್ದೆ. ದೊಡ್ಡಮ್ಮನ ಅನುಕೂಲಕ್ಕೆಂದೇ. ಬೇರೆ ಸಣ್ಣಪುಟ್ಟ ಲೈಬ್ರರಿಗಳ ಎರಡೂ ಪ್ರತಿಗಳು ಉಳಿದಿದ್ದರಿಂದ ಹಳೆಯ ಫೋನು ತಕರಾರಿಲ್ಲದೆ ಇನ್‌ಸ್ಟಾಲ್ ಮಾಡಿಕೊಂಡಿತ್ತು.

ಪ್ರತಿಯನ್ನು ವಾಪಸು ಸೇರಿಸಿ, ಆ್ಯಪನ್ನು ಹೊಸದಾಗಿ ಕಟ್ಟಿಕೊಳ್ಳಲು ಬಿಲ್ಡ್‌ಗೆ ಹಾಕಿದೆ. ಅದು ಮುಗಿಯುವ ತನಕ ದೊಡ್ಡಪ್ಪ, ಇದೆಲ್ಲ ಅಷ್ಟೇನೂ ಅಗತ್ಯವಿಲ್ಲ, ಹೇಳುವುದಕ್ಕೆ ತಾನಿದ್ದೇನಲ್ಲ ಎಂದು ನನಗೆ ವಿವರಿಸಿದರು. ನಾನು ಹೊಸ ಆ್ಯಪ್ ಹಾಕಿ ಫೋನನ್ನು ದೊಡ್ಡಮ್ಮನ ಕೈಗೆ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ಟೈಪ್ ಮಾಡಿದರು. ಆಮೇಲೆ ಒತ್ತಿದರು.

"ಇನ್ನು ನನ್ನ ಲೆಕ್ಕದಲ್ಲಿ ನೀವು ಮಾತಾಡುದು ಬೇಡ. ನನಗೆ ನೋವು ಉಂಟು. ನಿದ್ದೆ ಬರುದಿಲ್ಲ. ಹೆದರಿಕೆ ಆಗ್ತದೆ."

ವಾರ್ತೆ ಓದುವವರ ದನಿಯಲ್ಲಿ ಫೋನು ಇಷ್ಟನ್ನೂ ಹೇಳಿತು. ಎಲ್ಲಿ ನೋಡುವುದೆಂದು ತಿಳಿಯದೆ ನಾನು ಕೇಬಲ್ ಸುತ್ತತೊಡಗಿದೆ.

"ಎಂತ ಹೇಳಿದ್ದು?" ಎಂದರು ದೊಡ್ಡಪ್ಪ. "ಸರಿ ಕೇಳ್ಲಿಲ್ಲ."

ದೊಡ್ಡಮ್ಮ ಮತ್ತೆ ಒತ್ತಿದರು.

"ಇನ್ನೊಮ್ಮೆ ಹೇಳು," ಎಂದು ದೊಡ್ಡಪ್ಪ ದೊಡ್ಡಮ್ಮನ ಪಕ್ಕಕ್ಕೆ ಬಂದು ಕೂತರು. ತೋಟದ ಆ ತುದಿಯಲ್ಲಿ ತೆಂಗಿನಕಾಯಿ ಬಿದ್ದರೂ ಕೇಳುವ ಕಿವಿ ಅವರದು.