ಓರ್ಕಾ ಹೊಡೆದ ಸಲಾಮು

ಗೆಳೆಯರೇ, ಇವತ್ತು ಈ ಪರದೇಶದ ಕ್ಯಾಲಮ್‌ವೇಲ್ ಬಡಾವಣೆಯಲ್ಲಿ ಸುಧೀಂದ್ರನ ಮನೆಯ ಊಟಕ್ಕೆ ಅವನ ಅಮೆರಿಕ ಪ್ರವಾಸದ ವಿಡಿಯೋ ನಂಚಿಕೆ. ಅದರಲ್ಲಿ ಪ್ರದರ್ಶನದ ಕೊಳದೊಳಗೆ ಓರ್ಕಾ ತಿಮಿಂಗಿಲವೊಂದು ಬಾಲವೆತ್ತಿ ಸಲಾಮು ಹೊಡೆಯಿತು. ನಾವು ಮೀನಮೇಷ ಎಣಿಸದೆ ಚಪ್ಪಾಳೆ ತಟ್ಟಿದೆವು.

ಅವನ ಎಂಟು ವರ್ಷದ ಮಗಳು ಅನಘಾ ಮಾತ್ರ, "ಡ್ಯಾಡ್, ಇಟ್ಸ್ ಜಸ್ಟ್ ಹಂಗ್ರಿ" ಅಂದಳು.

"ಹೊಟ್ಟೆ ತುಂಬಾ ಮೀನು ಹಾಕ್ತಾರಮ್ಮಾ. ಸಮುದ್ರದಲ್ಲಿ ಯಾರು ಹಾಕ್ತಾರೆ?"

"ಬಟ್ ಹಿಸ್ ಮಮ್ ಈಸ್ ಇನ್ ದ ಸೀ."

ಮುಜುಗರ ತಪ್ಪಿಸಲು ಸುಧೀಂದ್ರ, "ಅದಿರ್ಲಿ, ಅಂಕಲ್‌ಗೆ ಹೊಸ ಶ್ಲೋಕ ಹೇಳು ಪುಟ್ಟಿ. ಹೇಳಿದ್ರೆ ಐಸ್‌ಕ್ರೀಮು" ಅಂದ.

ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಕಣ್ಣು ಬಿಟ್ಟ. ಅನಘಾ ಎದ್ದು ನಿಂತು, ಕೈಮುಗಿದು, ಅಳುತ್ತಲೇ ಪೂರ್ತಿ ಹೇಳಿದಳು.

ಅಳುವಿನಲ್ಲೂ ಉಚ್ಚಾರಣೆ ಎಷ್ಟು ಶುದ್ಧ ಎಂದು ನಾವೆಲ್ಲ ಮೆಚ್ಚಿಕೊಂಡೆವು.