ಬಾಯಾರಿದ ಮೇಕೆಗಳನ್ನು ಮೀಯಿಸಿದವರು

ಹೊತ್ತು ಈಗಷ್ಟೇ ಮೂಡುತ್ತಿದೆ. ಹಾಲು ಮಾರುವ ಹೆಂಗಸಿನ ಹಿತ್ತಲ ದೊಡ್ಡಿಯಲ್ಲಿ ಮೂವತ್ನಾಲ್ಕು ಮೇಕೆಗಳು ನಿಂತಲ್ಲಿ ನಿಲ್ಲುತ್ತಿಲ್ಲ. ಒಂದು ಗೂಟಕ್ಕೆ ಪಕ್ಕೆ ಉಜ್ಜುತ್ತದೆ, ಇನ್ನೊಂದು ಹಿಂಗಾಲೆತ್ತಿ ಕಿವಿ ಕೆರೆಯುತ್ತದೆ, ಮತ್ತೊಂದು ತನ್ನ ತೊಡೆಯನ್ನು ತಾನೇ ಕಚ್ಚಿ ಬಾಯಿ ತುಂಬ ಕೂದಲು ಮಾಡಿಕೊಳ್ಳುತ್ತದೆ. ಉಜ್ಜಿಸಿಕೊಂಡು ಉಜ್ಜಿಸಿಕೊಂಡು ಗೂಟ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದೆ. ತಳ್ಳುಗಾಡಿಯಿಂದ ತಗಡಿನ ತೊಟ್ಟಿ ಇಳಿಸಿದ ಐವತ್ತೆಂಟರ ಹೆಂಗಸು ಮೊದಲು ನೋಡುವುದು ಮೇಕೆಗಳ ಬಾಯಿಯನ್ನು.

"ನೀರು ಕುಡಿಸಿದ್ದೀಯಾ?"

"ಆಗಲೇ ಕುಡಿಸ್ದೆ ಅತ್ತೆ."

"ಎಲ್ಲಕ್ಕೂ?"

"ಅಯ್ಯೋ, ಎಲ್ಲಕ್ಕೂ."

"ಇನ್ನೊಂದ್ಸಲ ಇಡು. ನಾನು ಕಣ್ಣಾರೆ ನೋಡ್ಬೇಕು."

ಎರಡು ಬಕೆಟ್ ಬರುತ್ತದೆ. ಮೇಕೆಗಳು ಮೂಸಿ ಮುಖ ತಿರುಗಿಸಿದ ಮೇಲೆಯೇ ಮದ್ದಿನ ಬಾಟಲಿಯ ಮುಚ್ಚಳ ತೆರೆಯುತ್ತದೆ. ಮೈ ತುರಿಕೆ, ಹೇನು, ಉಣ್ಣಿ, ಕಜ್ಜಿ ಎಂದರೆ ಸುತ್ತಲಿನ ಹತ್ತಾರು ಬೀದಿಯವರು ಕರೆಯುವುದು ಇವರನ್ನೇ. ಎಲ್ಲರಿಗೂ ಇವರು ಸ್ನಾನದತ್ತೆ.

ನಿಮ್ಮ ಬಗ್ಗೆ ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದಾಗ ಅತ್ತೆ ಖಡಾಖಂಡಿತ ಬೇಡ ಅಂದಿದ್ದರು. ಎರಡು ದಿನ ಬಿಟ್ಟು ತಾವಾಗಿಯೇ ಹೇಳಿ ಕಳಿಸಿದರು: "ಬರೀರಿ. ಆದ್ರೆ ನನ್ನ ತಂಗಿ ಮೇಕೆಗಳು ಸತ್ತಿದ್ದು ನನ್ನ ಕೈಯಿಂದ ಅನ್ನೋದನ್ನೂ ಬರೀಬೇಕು. ಅದನ್ನ ಬಿಡೋದಾದ್ರೆ ನನ್ನನ್ನೂ ಬಿಟ್ಬಿಡಿ." ಹದಿನಾಲ್ಕು ವರ್ಷದಿಂದ ಆ ಅಪವಾದ ತಂಗಿಯ ತಲೆಯ ಮೇಲಿದೆ. ಅಲ್ಲಿಂದ ಇಳಿಸಿದರೆ ಅದು ಬೀಳುವುದು ತಮ್ಮ ಕಸುಬಿನ ಮೇಲೆ ಎಂಬುದು ಅತ್ತೆಗೆ ಚೆನ್ನಾಗಿ ಗೊತ್ತಿದೆ.

ಕೆಲಸ ಶುರುವಾಗುತ್ತದೆ. ಹೆಬ್ಬೆರಳಿನಿಂದ ಕೂದಲನ್ನು ಎದುರು ದಿಕ್ಕಿಗೆ ಬಿಡಿಸಿ ಕತ್ತಿನಲ್ಲಿ ಹೇನು, ಕಿವಿಯೊಳಗೆ ಉಣ್ಣಿ, ಮೊಣಕಾಲಿನಲ್ಲಿ ಕಜ್ಜಿಯ ಹೊಪ್ಪಳೆ ನೋಡುತ್ತಾರೆ. ಗಾಯವಾದದ್ದನ್ನು ಬೇರೆ ಕಟ್ಟಿಸುತ್ತಾರೆ. ಎಳೆ ಮರಿಗಳನ್ನು ತೊಟ್ಟಿಗೆ ಇಳಿಸುವುದಿಲ್ಲ. ಉಳಿದವನ್ನು ಒಂದೊಂದಾಗಿ ಎತ್ತಿ ಕತ್ತಿನವರೆಗೆ ಮುಳುಗಿಸಿ, ಗದ್ದದ ಕೆಳಗೆ ಕೈಕೊಟ್ಟು ಬಾಯಿಯನ್ನು ನೀರಿನಿಂದ ಮೇಲೆ ಹಿಡಿಯುತ್ತಾರೆ. ಒಂದು ಮೇಕೆಗೆ ಒಂದೂವರೆ ನಿಮಿಷ, ಬೆಳಗಿಗೆ ಮೂವತ್ತೈದೋ ನಲವತ್ತೋ. ಹದಿನೈದು ಮುಗಿಯುವಷ್ಟರಲ್ಲಿ ನೀರು ಕೆಸರಾಗುತ್ತದೆ. ಅದನ್ನು ಬಾವಿಯಿಂದ ದೂರದ ಗುಂಡಿಗೆ ಸುರಿದು ಹೊಸದಾಗಿ ಅಳೆಯಬೇಕು. ಹೋತವೊಂದು ಒದ್ದು ಅತ್ತೆಯ ಮುಖಕ್ಕೆಲ್ಲ ನೀರು ಚಿಮ್ಮಿಸುತ್ತದೆ.

"ನಮ್ಮನೆಯವರನ್ನೂ ಒಂದ್ಸಲ ಮುಳುಗಿಸಿಬಿಡಿ ಅತ್ತೆ. ದಿನಾ ಬೆನ್ನು ಕೆರಿ ಅಂತ ನನ್ನ ಪ್ರಾಣ ತಿಂತಾರೆ," ಅನ್ನುತ್ತಾಳೆ ಒಡತಿ.

"ನನ್ನ ತೊಟ್ಟಿ ಸಾಲಲ್ಲ ತಾಯಿ, ಹೊಟ್ಟೆ ಆಚೆಗೇ ಉಳಿಯುತ್ತೆ," ಎಂದು ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಮೇಕೆಗಳು ಬಿಸಿಲಿಗೆ ನಿಂತು ಒಣಗುವಾಗ ಒಡತಿಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾರೆ. ಪತ್ರಿಕೆಯಲ್ಲಿ ಓದುವ ಮುಂಚೆ ತಮ್ಮ ಬಾಯಿಂದಲೇ ಕೇಳಲಿ ಅಂತ.

ಹದಿನಾಲ್ಕು ವರ್ಷದ ಹಿಂದಿನ ಆ ದಿನ ಸಂಜೆಗೆ ಮೋಡ ಕಟ್ಟಿತ್ತು. ಮಳೆ ಬಂದರೆ ಮದ್ದೆಲ್ಲ ತೊಳೆದುಹೋಗುತ್ತದೆ ಎಂಬ ಅವಸರ ಅತ್ತೆಗೆ. ತಂಗಿಯ ಒಂಬತ್ತು ಮೇಕೆಗಳು ಬೆಳಗಿನಿಂದ ಬಿಸಿಲಲ್ಲಿ ಮೇದು ಆಗತಾನೆ ದೊಡ್ಡಿಗೆ ಬಂದಿದ್ದವು. "ಇನ್ನೂ ನೀರು ಕುಡಿಸಿಲ್ಲ ಅಕ್ಕ, ಸ್ವಲ್ಪ ಇರು," ಅಂದಿದ್ದರು ತಂಗಿ. "ಮಿಂದ ಮೇಲೆ ಕುಡೀತಾವೆ ಬಿಡೆ, ನಂಗೆ ಕಲಿಸ್ಬೇಡ," ಅಂದಿದ್ದರು ಅಕ್ಕ. ಬಾಯಾರಿದ ಪ್ರಾಣಿಗೆ ತೊಟ್ಟಿಯ ಮದ್ದಿನ ನೀರೂ ನೀರೇ. ಪ್ರತಿಯೊಂದನ್ನು ಹಿಡಿದು ಮುಳುಗಿಸುವಷ್ಟರಲ್ಲಿ ಇನ್ನೆರಡು ತೊಟ್ಟಿಗೆ ಬಾಯಿ ಹಾಕುತ್ತಿದ್ದವು. ದೀಪ ಹಚ್ಚುವ ಹೊತ್ತಿಗೆ ಬಾಯಲ್ಲಿ ನೊರೆ, ಕಾಲಲ್ಲಿ ನಡುಕ. ಒಂಬತ್ತರಲ್ಲಿ ಏಳು ಹೋದವು.

ದೊಡ್ಡಿಯಲ್ಲಿ ಇದ್ದದ್ದು ಅಕ್ಕತಂಗಿ ಇಬ್ಬರೇ. ತಂಗಿಯ ಗಂಡ ಬಂದು ಕೇಳಿದಾಗ ತಂಗಿ ಅಂದರು, ನಾನೇ ನೋಡದೆ ಬೇಲಿಯ ಕೆಟ್ಟ ಸೊಪ್ಪಿಗೆ ಬಿಟ್ಟೆ, ತಿಂದುಬಿಟ್ಟವು. ಪಕ್ಕದಲ್ಲಿ ನಿಂತಿದ್ದ ಅಕ್ಕ ತುಟಿ ಬಿಚ್ಚಲಿಲ್ಲ.

ಕೇಳಿಸಿಕೊಂಡ ಒಡತಿ ತನ್ನ ಮೇಕೆಗಳ ಕಡೆ ನೋಡುತ್ತಾಳೆ. ಒಂದೊಂದನ್ನೇ, ನಿಧಾನವಾಗಿ. "ಹನ್ನೆರಡನೇ ದಿನ ಮತ್ತೆ ಮೀಯಿಸ್ಬೇಕು ಅಂದ್ರಲ್ಲ ಅತ್ತೆ... ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ."

"ಕೇಳು. ಬೇರೆ ಯಾರನ್ನಾದ್ರೂ ಕರೆಸು, ತಪ್ಪು ತಿಳ್ಕೊಳ್ಳಲ್ಲ. ಆದ್ರೆ ಹನ್ನೆರಡನೇ ದಿನ ತಪ್ಪಿಸ್ಬೇಡ. ಇವತ್ತಿನ ಮದ್ದಿಗೆ ಹುಳ ಸಾಯುತ್ತೆ, ಮೊಟ್ಟೆ ಸಾಯಲ್ಲ. ತುರಿಕೆ ನಿಂತಿದೆಯಲ್ಲ ಅಂತ ಸುಮ್ಮನಾದ್ರೆ ಮೊದಲಿನ ಥರಾನೇ. ದೊಡ್ಡಿ ಸಂದುಗೊಂದಿಗೆಲ್ಲ ಸುಣ್ಣ ಹೊಡಿ."

ಗಾಡಿ ತಳ್ಳಿಕೊಂಡು ಹೊರಡುವಾಗ ಒಡತಿ ಗೇಟಿನವರೆಗೆ ಬರುವುದಿಲ್ಲ.

ಅತ್ತೆಯ ಮನೆ ಎಂದರೆ ಒಂದೇ ಕೋಣೆ, ಹಿಂದೆ ಬಚ್ಚಲು. ಬಾಗಿಲ ಹೊರಗೆ ರಬ್ಬರ್ ಕೈಗವಸುಗಳು ಹಗ್ಗದ ಮೇಲೆ ಒಣಗುತ್ತವೆ. ಬಹಳ ವರ್ಷ ಅವೂ ಇಲ್ಲದೆ ಬರಿಗೈಯಲ್ಲಿ ಮಾಡಿ ಬೆರಳ ತುದಿಯ ಚರ್ಮವೆಲ್ಲ ಸುಲಿದು ಹೊಸದಾಗಿ ಬಂದಿದೆ. ಬಿಸಿ ಪಾತ್ರೆ ಮುಟ್ಟಿದರೂ ತಡವಾಗಿ ಗೊತ್ತಾಗುತ್ತದೆ. ಬಂದು ಕಾಲು ತೊಳೆಯುವಷ್ಟರಲ್ಲಿ ಹೊಸ್ತಿಲ ಮೇಲೆ ತಂಗಿ ಕೂತಿದ್ದಾರೆ. ಮೇಕೆ ಬಿಟ್ಟ ಮೇಲೆ ಅವರದು ಹೊಲಿಗೆ ಕೆಲಸ. ಹೆಗಲ ಮೇಲೆ ನೂಲಿನ ತುಣುಕುಗಳಿವೆ.

"ಪೇಪರಲ್ಲಿ ಹಾಕಿಸ್ತೀಯಂತೆ."

"ಹ್ಞೂಂ."

"ನಾನು ಕೇಳಿದ್ನಾ?"

"ನೀನು ಕೇಳಲ್ಲ. ಅದಕ್ಕೇ."

"ನಮ್ಮನೆಯವರು ತೀರ್ಕೊಂಡು ಮೂರು ವರ್ಷ ಆಯ್ತಕ್ಕ. ಅವರ ಕಿವಿಗೆ ಬಿದ್ದಿದ್ರೆ ಅದೊಂದು ಮಾತು. ಈಗ ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೊಂಡು ಯಾರಿಗೆ ಓದಿಸ್ತೀಯ?"

ಅತ್ತೆ ಕಾಲು ಒರೆಸಿಕೊಳ್ಳುತ್ತಾರೆ. ಆವತ್ತು ಸುಳ್ಳು ಹೇಳಿದ್ದು ಯಾಕೆ ಎಂಬ ಪ್ರಶ್ನೆಗೆ ತಂಗಿಯ ಬಳಿ ಉತ್ತರ ಸಿದ್ಧವಿದೆ. "ಭಾವ ಸೊಂಟ ಮುರ್ಕೊಂಡು ಹಾಸಿಗೆ ಹಿಡಿದಿದ್ರು. ನಿಜ ಹೇಳಿದ್ರೆ ಮಾರನೇ ದಿನದಿಂದ ಅಕ್ಕನ್ನ ಯಾರು ಕರೀತಿದ್ರು? ನಮ್ಮನೇಲಿ ಇನ್ನೊಬ್ಬರ ದುಡಿಮೆ ಇತ್ತು, ಇವಳ ಮನೇಲಿ ಇವಳೊಬ್ಬಳೇ." ನೂಲಿನ ತುಣುಕೊಂದನ್ನು ತೆಗೆದು ಬೆರಳಿಗೆ ಸುತ್ತುತ್ತಾರೆ. "ಒಂದೆರಡು ತಿಂಗಳು ಅಂದ್ಕೊಂಡಿದ್ದೆ. ಭಾವ ಎದ್ದು ಓಡಾಡಿದ ಮೇಲೆ ಅಕ್ಕನೇ ಬಂದು ಹೇಳ್ತಾಳೆ ಅಂತ."

ಅತ್ತೆ ಬಂದು ತಂಗಿಯ ಪಕ್ಕ ಕೂರುತ್ತಾರೆ.

"ಇವತ್ತು ಹೇಳೋಣ ಅನ್ನಿಸ್ತಿತ್ತು, ನಾಳೆ ಹೇಳೋಣ ಅನ್ನಿಸ್ತಿತ್ತು," ಅನ್ನುತ್ತಾರೆ ಅತ್ತೆ. "ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದ್ರೆ ಏನನ್ನಲಿ ಅಂತ ಅದೇ ಒಂದು ಭಯ ಆಯ್ತು. ಇವಳ ಗಂಡ ಒಳ್ಳೆಯವರು. ನನ್ನ ಕೈಗುಣ ದೊಡ್ಡದು ಅಂತ ಹತ್ತು ಜನರ ಮುಂದೆ ಹೊಗಳೋರು. ಅದನ್ನ ನಿಂತು ಕೇಳಿಸ್ಕೊಂಡಿದ್ದೀನಿ."

ಆ ಮನೆಯಲ್ಲಿ ಆ ಸುಳ್ಳನ್ನು ನಂಬಿದವರ ಪೈಕಿ ಇನ್ನುಳಿದಿರುವುದು ತಂಗಿಯ ಅತ್ತೆ ಒಬ್ಬರೇ. ಎಂಬತ್ತು ದಾಟಿದೆ, ಕಣ್ಣು ಮಂಜು, ಕಿವಿ ಚುರುಕು. ಉಪ್ಪು ಹೆಚ್ಚಾದರೂ ಹಾಲು ಉಕ್ಕಿದರೂ "ಮಂದೆ ಕೊಂದ ಕೈಯಲ್ವಾ" ಅನ್ನುತ್ತಾರೆ. ಭಾನುವಾರ ಮೊಮ್ಮಗಳು ಅವರಿಗೆ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ ಹೇಳುತ್ತಾಳೆ.

"ಹಾಕಿಸೋದೇ ಆದ್ರೆ ಹಾಕಿಸು," ಎಂದು ತಂಗಿ ಏಳುತ್ತಾರೆ. "ಆವತ್ತು ನಾನು ಮನೇಲಿರಲ್ಲ. ನಮ್ಮತ್ತೆ ಕೇಳಿಸ್ಕೊಳ್ಳೋವಾಗ ಅವರ ಮುಖ ನೋಡೋ ಶಕ್ತಿ ನನಗಿಲ್ಲ. ಒಗ್ಗಿಹೋಗಿದೆ ಆ ಬೈಗುಳ."

ತಂಗಿ ಬೀದಿಯ ತಿರುವು ದಾಟುವವರೆಗೆ ಅತ್ತೆ ನೋಡುತ್ತ ನಿಲ್ಲುತ್ತಾರೆ. ಇನ್ನೇನಾದರೂ ಬರೆಯಬೇಕಾ ಎಂದರೆ ಕಸುಬಿನ ಬಗ್ಗೆ ಏನೂ ಹೇಳುವುದಿಲ್ಲ. ಅವರಿಗೆ ಬೇಕಾಗಿರುವುದು ಒಂದೇ, ಈ ಬರಹ ಬರುವ ಭಾನುವಾರವೇ ಅಚ್ಚಾಗಬೇಕು.

"ಆ ಬೆಳಿಗ್ಗೆ ಯಾವ ದೊಡ್ಡಿಗೂ ಒಪ್ಪಿಕೊಂಡಿಲ್ಲ. ತಂಗಿ ಮನೆಗೆ ಹೋಗಿ, ಓದೋದು ಮುಗಿಯೋ ತನಕ ಅವರತ್ತೆ ಎದುರಿಗೆ ಕೂತಿರ್ತೀನಿ. ಬೈಯೋದಿದ್ರೆ ನನ್ನನ್ನೇ ಬೈಯಲಿ. ಹದಿನಾಲ್ಕು ವರ್ಷದ್ದು ಬಾಕಿ ಇದೆ, ಬೇಗ ಮುಗಿಯಲ್ಲ. ಮುಗಿಯೋ ತನಕ ಎದ್ದು ಬರಲ್ಲ."